ಆರಿಸಿ ಹಾಕಿದ ಕಲ್ಲು

ಹರಿಹರದ ಬಸ್ ನಿಲ್ದಾಣದಲ್ಲಿ ಕಸ್ತೂರಮ್ಮ ದಾವಣಗೆರೆ ಬಸ್ಸಿಗೆ ಕಾಯುತ್ತಾ ಕೂತಿದ್ದರು. ಅದೇ ಬೆಂಚಿನಲ್ಲಿ ಒಬ್ಬ ಹೆಂಗಸು, ತವರಿನಿಂದ ತಂದ ನವಣೆ ಬೀಜದ ಗಂಟನ್ನು ಮಡಿಲಲ್ಲಿಟ್ಟುಕೊಂಡು ಗಂಡನ ಮೇಲೆ ಹರಿಹಾಯುತ್ತಿದ್ದಳು. ಕಸ್ತೂರಮ್ಮ ಬೇರೆ ಕಡೆ ನೋಡುತ್ತಲೇ ಕಿವಿಯನ್ನು ಮಾತ್ರ ಇತ್ತ ಕೊಟ್ಟರು.

“ಎರಡನೇ ಸಲ ಬೀಜಕ್ಕೆ ಅಣ್ಣನ ಮುಂದೆ ಸೆರಗೊಡ್ಡಿದೆ. ಇದೂ ಹುಟ್ಟಲಿಲ್ಲ ಅಂದ್ರೆ?”

“ಹುಟ್ತೈತೆ, ಸುಮ್ನಿರು.”

“ಹೆಂಗೆ ಹುಟ್ತೈತೆ? ಗುಡ್ಡದ ಕಾಡು ಕಡಿದು ಮಾಡಿದ ಕಲ್ಲು-ಗರಸಿನ ಹೊಲ ಅದು. ಮ್ಯಾಲೆ ಕಲ್ಲಿದ್ರೇನೇ ಮಣ್ಣೂ ತಂಪೂ ನಿಲ್ಲೋದು ಅಂತ ಪಕ್ಕದ ಹೊಲದ ಪಾಲಯ್ಯ ಬಡ್ಕಂಡ. ಕೇಳಿದ್ರಾ?”

“ನಾನು ಲೋಕಿಕೆರೆ ಕರಿಮಣ್ಣಿನ ಎರೆಹೊಲದಾಗೆ ಬೆಳೆದೋನು. ನಮ್ಮಪ್ಪನ ಹೊಲದಾಗೆ ಹಕ್ಕಿ ಹೊಡಿಯಾಕೂ ಒಂದು ಕಲ್ಲು ಸಿಕ್ತಿರಲಿಲ್ಲ. ಹೊಲದಾಗೆ ಕಲ್ಲು ಬಿಟ್ಟೋನ್ನ ನಮ್ಮ ಕಡೆ ಸೋಮಾರಿ ಅಂತಾರೆ.”

“ಅದಕ್ಕೇ ಬ್ಯಾಸಿಗೆ ಪೂರ್ತಿ ಆರಿಸಿ ಆರಿಸಿ ನನ್ ತಲೆ ಮ್ಯಾಲೆ ಹೊರಿಸಿದ್ರಿ. ಮೊದಲ ಮಳೆಗೇ ಇದ್ದ ಮಣ್ಣೂ ಬೀಜಾನೂ ಹಳ್ಳಕ್ಕೆ ಹೋತು. ಪಾಲಯ್ಯನ ಕಲ್ಲುಹೊಲದಾಗೆ ನವಣೆ ಮೊಣಕಾಲುದ್ದ ಐತೆ!”

“ಆತು ಮಾರಾಯ್ತಿ, ಕಲ್ಲು ವಾಪಸ್ ಹಾಕಾನ.”

“ಎಲ್ಲಿ ಅದಾವ್ರೀ ಕಲ್ಲು? ನಮ್ಮೂರ ರಸ್ತೆ ಮಾಡೋರು ಕೇಳಿದ ಕೂಡ್ಲೆ, ದೊಡ್ಡ ಮನುಷ್ಯನಂಗೆ ‘ಎಲ್ಲಾ ಒಯ್ರಿ’ ಅಂದೋರು ಯಾರು?”

ಗಂಡ ಟವೆಲಿನಿಂದ ಮುಖ ಒರೆಸಿಕೊಂಡ. ಕಸ್ತೂರಮ್ಮ ನಗು ತಡೆಯಲು ಸೆರಗನ್ನು ಬಾಯಿಗಿಟ್ಟುಕೊಂಡರು. ಅಷ್ಟರಲ್ಲಿ ಆ ದಂಪತಿಗಳ ಊರಿನ ಬಸ್ಸು ಧೂಳೆಬ್ಬಿಸುತ್ತಾ ಬಂದು ನಿಂತಿತು. ಹೆಂಗಸು ಗಂಟೆತ್ತಿಕೊಂಡು ಎದ್ದಳು.

“ಹತ್ರಿ. ರಸ್ತೆಗೆ ಬಿದ್ದಿರೋ ನಮ್ಮ ಹೊಲದ ಮ್ಯಾಲೇ ಹಾದು ಮನೆಗೆ ಹೋಗಾನ.”