ಶಾಲೆ ಬಾವಿಯ ಸರದಿ

ಕೊನೆಯ ಬಸ್ಸಿಳಿದು ಶ್ರೀಲಕ್ಷ್ಮೀ ಒಬ್ಬಳೇ ಬರುತ್ತಿದ್ದಳು. ನನ್ನ ದೊಡ್ಡಪ್ಪನ ಮಗಳು. ಬಂಡ್ರಿ ಹತ್ತಿರದ ಹಳ್ಳಿಯೊಂದರಲ್ಲಿ ಟೀಚರು. ಶಾಲೆಗೆ ನುಗ್ಗುವ ಅದಿರು ಧೂಳಿನ ವಿಷಯ ಹೇಳೋಣ ಅಂತ ಸಂಡೂರಿನ ತಾಲೂಕು ಕಚೇರಿಗೆ ಹೋಗಿದ್ದಳು. ಊಟಕ್ಕೆ ಹೋದ ಸಾಹೇಬರು ಸಂಜೆಯಾದರೂ ಬರಲಿಲ್ಲ. ಗಣಿಗಾರಿಕೆ ಜೋರಿದ್ದ ಆ ವರ್ಷಗಳಲ್ಲಿ ನಮ್ಮ ಕಡೆ ಸಾಹೇಬರ ಊಟ ಭಾಳ ಉದ್ದ.

ಕರೆಂಟಿಲ್ಲ. ಶಾಲೆಯ ಬಾವಿ ಹತ್ತಿರ ಬಂದಾಗ... ಕಿರ್ರ್... ಕಿರ್ರ್... ರಾಟೆಯ ಸದ್ದು. ಆಮೇಲೆ ಬಕೀಟು ನೀರಿಗೆ ಬಿತ್ತು. ದುಬುಲ್.

ಅವಳಿಗೆ ಹೆದರಿಕೆಯಾಗಲಿಲ್ಲ, ಸಮಾಧಾನವಾಯಿತು. ಶಾಲೆ ಮುಂದೆಯೇ ಅದಿರು ಲಾರಿಗಳ ರಸ್ತೆ. ರಾತ್ರಿ ಅದಕ್ಕೆ ನೀರು ಹೊಡೆಯದಿದ್ದರೆ ಬೆಳಿಗ್ಗೆ ಕೆಂಪು ಧೂಳೆಲ್ಲ ತರಗತಿಯೊಳಗೆ. ಬಿಸಿಯೂಟ ಮಾಡುತ್ತಿದ್ದ ಹೊಳೆಮ್ಮ ಮೊದಲೆಲ್ಲ ಒಬ್ಬಳೇ ಹೊಡೆಯುತ್ತಿದ್ದಳು. ಅವಳ ಮೊಮ್ಮಗಳು ಸುಕನ್ಯಾಗೆ ಉಬ್ಬಸ. ಧೂಳು ಹೀಗೇ ಇದ್ದರೆ ಶಾಲೆ ಬಿಡಿಸಿ ಅಂದಿದ್ದರು ಡಾಕ್ಟರು. ದಸರೆಯ ಹೊತ್ತಿಗೆ ಹೊಳೆಮ್ಮನೇ ಕೆಮ್ಮಿ ಕೆಮ್ಮಿ ತೀರಿಕೊಂಡಳು. ಆಮೇಲೆ ಊರವರು ದಿನಕ್ಕೊಂದು ಮನೆಯಂತೆ ಸರದಿ ಹಾಕಿಕೊಂಡರು. ಅವತ್ತು ವಿರುಪಮ್ಮನ ಸರದಿ. ಅವಳ ಇಬ್ಬರು ಮಕ್ಕಳೂ ಲಾರಿ ಡ್ರೈವರು. ಬರುತ್ತಾಳೋ ಇಲ್ಲವೋ ಅಂತ ಎಲ್ಲರಿಗೂ ಅನುಮಾನ.

"ವಿರುಪಮ್ಮಾ, ಬಂದ್ರೇನ್ರಿ? ಭಾಳ ಉಪಕಾರಾತು."

ತಲೆ ತುಂಬ ಸೆರಗು ಹೊದ್ದ ಹೆಂಗಸು ತಿರುಗಲಿಲ್ಲ. ಪಿಸುಗುಟ್ಟಿದಳು.

"ಮೆಲ್ಲಕ ಮಾತಾಡ್ರಿ ಟೀಚರಮ್ಮ... ಒಂದೀಟು ಹಗ್ಗ ಹಿಡೀರಿ."

"ದಮ್ಮು ಹತ್ತಿತೇನ್ರಿ?"

"ದಮ್ಮು... ಈಗೇನಿಲ್ರಿ."

ಇಬ್ಬರೂ ಜಗ್ಗಿದರು. ಹೆಂಗಸು ಕೊಡ ಹೊತ್ತು ಹೋಗುವಳು, ಕತ್ತಲಲ್ಲಿ ಧೂಳು ನೀರು ಕುಡಿಯುವ ಸದ್ದು... ಸುಸ್ಸ್... ಮತ್ತೆ ಬಂದು ಹಗ್ಗ ಹಿಡಿಯುವಳು. ಆಗ ತಿರುವಿನಲ್ಲಿ ಲಾರಿಯೊಂದು ಬಂತು. ಬೆಳಕು ಬಾವಿಕಟ್ಟೆಗೆ ಬಿತ್ತು.

ಪಕ್ಕದಲ್ಲಿ ಯಾರೂ ಇಲ್ಲ.

ಹಗ್ಗ ಮಾತ್ರ... ಮೇಲಕ್ಕೆ ಬರುತ್ತಲೇ ಇತ್ತು.

ಬೆಳಿಗ್ಗೆ ಊರೆಲ್ಲ ನೋಡಿತು. ಶಾಲೆ ಉದ್ದಕ್ಕೂ ರಸ್ತೆ ಒದ್ದೆ.

"ನಾ ಬಂದೇ ಇಲ್ಲವ್ವ," ಅಂದಳು ವಿರುಪಮ್ಮ. "ನಿನ್ನಿ ನಮ್ಮ ಹೊಸ ಲಾರಿ ಪೂಜಿ ಇತ್ತು."

"ಹಂಗಾರ ಅಕಿನ," ಅಂದ ಹಿರಿಯ ದುರುಗಣ್ಣ. "ಬಾವಿ ಮುಚ್ಚಿಬಿಡ್ರಲೇ."

"ಯಾಕ ದುರುಗಣ್ಣಾ? ಅಕಿ ನೀರು ಹೊಡೆಯಾಕ ಬಂದಾಳ, ನಿನ್ನ ಒಯ್ಯಾಕಲ್ಲ," ಅಂದಳು ಶ್ರೀಲಕ್ಷ್ಮೀ.

ಯಾರೂ ಕೇಳಲಿಲ್ಲ. ಧೂಳಿಗೆ ಹೆದರದ ಊರು ಹೊಳೆಮ್ಮನಿಗೆ ಹೆದರಿತು. ರಾಟೆ ಕಿತ್ತರು, ಬಾವಿಗೆ ಚಪ್ಪಡಿ ಎಳೆದರು. ಸರದಿಯೂ ನಿಂತಿತು. ಸಂಕ್ರಾಂತಿಯೊಳಗೆ ಸುಕನ್ಯಾ ಶಾಲೆ ಬಿಟ್ಟಳು. ಕಂಪ್ಲಿಯ ಚಿಕ್ಕಮ್ಮನ ಮನೆಗೆ ಕಳಿಸಿದರು. ಅಲ್ಲಿ ಶಾಲೆಗಲ್ಲ, ಭತ್ತದ ನಾಟಿಗೆ ಹಚ್ಚಿದರಂತೆ.

ನಾನು ಊರೂರು ತಿರುಗಿದವಳು. ಹೋದಲ್ಲೆಲ್ಲ ದೆವ್ವದ ಕತೆ ಕೇಳಿದ್ದೀನಿ, ಮುಕ್ಕಾಲು ಪಾಲು ಹೆಂಡದ ಮಹಿಮೆ. ಇದನ್ನೂ ಹಾಗೇ ಅಂದುಕೊಂಡು, ಸಂಕ್ರಾಂತಿ ಕಳೆದ ಮೇಲೆ ಅವಳ ಊರಿಗೆ ಹೋದೆ. ಬೆಳಿಗ್ಗೆ ಶ್ರೀಲಕ್ಷ್ಮೀ ನನ್ನ ಎದುರೇ ತರಗತಿಯ ಬೀಗ ತೆಗೆದಳು. ಕರಿಹಲಗೆ, ಕುರ್ಚಿ, ಗೋಡೆಯ ನಕ್ಷೆ... ಎಲ್ಲದರ ಮೇಲೂ ಕೆಂಪು. ಕಿಟಕಿ ಪಕ್ಕ, ಸುಕನ್ಯಾ ಕೂರುತ್ತಿದ್ದ ಜಾಗ, ಒಂದು ಕೂಸು ಕೂರುವಷ್ಟು ನೆಲ ಮಾತ್ರ ಯಾರೋ ಒರೆಸಿದಂತಿತ್ತು.

ನಂಬಿ, ಬಿಡಿ. ನಾನು ಮುಟ್ಟಿ ನೋಡಿದ್ದೀನಿ. ಇನ್ನೂ ಒದ್ದೆ ಇತ್ತು.