ತರಗತಿಯ ಬಾಗಿಲಲ್ಲಿ ‘ಹೋಗಿ ಬತ್ತೀನಿ’

ಮಾಗಡಿ ಕಡೆಯ ತಿಪ್ಪಸಂದ್ರದಿಂದ ಬಂದಿರುವ, ನಮ್ಮ ಸರ್ ಅವರ ಶ್ರೀಮತಿ ಚನ್ನಬಸಮ್ಮನವರೇ, ಮನೆಯವರೇ, ಸಹೋದ್ಯೋಗಿಗಳೇ, ಮಕ್ಕಳೇ — ಎಲ್ಲರಿಗೂ ನಮಸ್ಕಾರ. ನಾನು ಪ್ರತಿಮಾ, ಈ ಕೇಂದ್ರದ ಜಪಾನಿ ಕೋರ್ಸಿನ ಸಂಚಾಲಕಿ. ಇಲ್ಲಿ ಜಪಾನಿ ಕಲಿಸುತ್ತಿದ್ದ ವೃಷಭೇಂದ್ರಪ್ಪ ಸರ್ ಜೊತೆ ಹನ್ನೊಂದು ವರ್ಷ ಕೆಲಸ ಮಾಡಿದ್ದೇನೆ. ಅದರಲ್ಲಿ ಒಂಬತ್ತು ವರ್ಷ ಜಗಳವಾಡಿದ್ದೇನೆ.

ಜಗಳ ಯಾವುದಕ್ಕೆ ಗೊತ್ತೇ? ಜಪಾನಿಯಲ್ಲಿ ‘ಇತ್ತೆ ಕಿಮಸ್’ ಅಂತ ಒಂದು ಮಾತಿದೆ. ಹೋಗಿ ಬರ್ತೀನಿ ಅಂತಲೇ ಅರ್ಥ. ಆದರೆ ಜಪಾನಿನವರು ಅದನ್ನು ಸ್ವಂತ ಮನೆಯಿಂದ ಹೊರಡುವಾಗ ಮಾತ್ರ ಅನ್ನುತ್ತಾರೆ, ಮೇಷ್ಟರ ಮುಂದೆ ಅಲ್ಲ. ನಮ್ಮ ಮಕ್ಕಳು ಕೇಳಬೇಕಲ್ಲ! ಚನ್ನಪಟ್ಟಣ, ಕನಕಪುರ, ಎಲ್ಲಿಂದಲೇ ಬಂದಿರಲಿ — ‘ಹೋಗ್ತೀನಿ’ ಅಂತಷ್ಟೇ ಹೇಳಿ ಹೊರಡುವುದಕ್ಕೆ ಯಾರಿಗೂ ನಾಲಿಗೆ ಹೊರಳುವುದಿಲ್ಲ. ತರಗತಿಯ ಬಾಗಿಲಲ್ಲಿ ಒಬ್ಬೊಬ್ಬರೂ ನಿಂತು ಇತ್ತೆ ಕಿಮಸ್. ಸರ್ ಕುರ್ಚಿಯಲ್ಲೇ ಕೂತು, ಅದೇ ಭಾಷೆಯಲ್ಲಿ, ಒಬ್ಬೊಬ್ಬರಿಗೂ ‘ಹೋಗಿ ಬಾ’.

ಮೌಖಿಕ ಪರೀಕ್ಷೆಯಲ್ಲಿ ಇದಕ್ಕೇ ಮಕ್ಕಳ ಅಂಕ ಹೋಯಿತು. ನಾನು ಸರ್‌ಗೆ ಚೀಟಿ ಬರೆದೆ — ‘ತಾಯ್ನುಡಿಯ ಪ್ರಭಾವ. ಮೊದಲು ತಾವು ತಿದ್ದಿಕೊಳ್ಳಿ.’ ಹೌದು, ಹಾಗೆಯೇ ಬರೆದೆ.

ದಿನಾ ಸಂಜೆ ಸರ್ ನನ್ನ ಕೋಣೆಗೆ ಇಣುಕಿ, “ಹೋಗಿ ಬತ್ತೀನಿ ಮೇಡಂ” ಅನ್ನುತ್ತಿದ್ದರು. ಚೀಟಿ ಸಿಕ್ಕ ಗುರುವಾರ ಇಣುಕಲಿಲ್ಲ. ಒಳಗೆ ಬಂದರು, ತಲೆ ಬಗ್ಗಿಸಿದರು — “ಶಿತ್ಸುರೇ ಶಿಮಸ್.” ಕ್ಷಮಿಸಿ, ಹೊರಡುತ್ತೇನೆ ಅಂತ. ಆ ಮಾತಿನಲ್ಲಿ ಮತ್ತೆ ‘ಬರುವ’ ಸಂಗತಿಯೇ ಇಲ್ಲ.

“ಈಗ ಸರಿಯಾಗೈತಾ ಮೇಡಂ?”

“ಸರಿಯಾಗಿದೆ ಸರ್” ಅಂದೆ. ನಗುನಗುತ್ತಾ ಅಂದೆ. ಅವತ್ತು ಅವರು ಹತ್ತಿದ ಮಾಗಡಿ ಬಸ್ಸು ಊರು ಮುಟ್ಟುವಷ್ಟರಲ್ಲಿ ಸರ್ ಜೀವ ಇರಲಿಲ್ಲ.

ಸೋಮವಾರ ಮಕ್ಕಳು ತಾವೇ ಕೂತು ಸಂಭಾಷಣೆ ಅಭ್ಯಾಸ ಮಾಡಿದರು. ಲ್ಯಾಬಿನ ರೆಕಾರ್ಡರ್ ಓಡುತ್ತಿತ್ತು. ಮಾರನೆಯ ದಿನ ಕೇಳಿಸಿಕೊಂಡೆ. ಕೊನೆಯಲ್ಲಿ ಒಬ್ಬೊಬ್ಬರೂ ಖಾಲಿ ಕುರ್ಚಿಗೆ ಇತ್ತೆ ಕಿಮಸ್ ಅಂದು ಹೊರಡುತ್ತಿದ್ದಾರೆ. ಸರಿ. ಆದರೆ ಒಂದು ದನಿಗೂ ಇನ್ನೊಂದಕ್ಕೂ ನಡುವೆ — ಹೀಗೆ — ಎರಡು ಸೆಕೆಂಡು ಏನೂ ಇಲ್ಲ. ಪ್ರತಿಸಲವೂ ಎರಡೇ ಸೆಕೆಂಡು. ಇಪ್ಪತ್ತೆರಡು ಜನ, ಒಬ್ಬರೂ ಅವಸರ ಮಾಡಿಲ್ಲ.

ದೊಡ್ಡಮಳೂರಿನ ಭಾನುಪ್ರಿಯ ಇಲ್ಲೇ ಕೂತಿದ್ದಾಳೆ. ಕರೆದು ಕೇಳಿದೆ — ಬಾಗಿಲಲ್ಲಿ ಅಷ್ಟು ಹೊತ್ತು ಯಾಕಮ್ಮ ನಿಂತಿದ್ರಿ?

“ಸರ್ ಹೋಗ್ ಬಾ ಅಂದ್ಮ್ಯಾಕೆ ತಾನೆ ಮೇಡಂ ಹೊಸ್ಲು ದಾಟೋದು?”

“ಅಂದರಾ?”

ಅವಳು ನನ್ನನ್ನೇ ನೋಡಿದಳು. “ನಿಮ್ಗೆ ಕೇಳಿಸ್ನಿಲ್ವಾ ಮೇಡಂ?” ಅಂದಳು.

ಮತ್ತೆ ಹೋಗಿ ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು ಕೇಳಿದೆ. ಕೊನೆಯ ಹುಡುಗಿ ಹೊರಟಳು. ಎರಡು ಸೆಕೆಂಡು. ಆಮೇಲೆ ಸ್ವಿಚ್ಚಿನ ಸದ್ದು, ಫ್ಯಾನು ನಿಧಾನವಾಗಿ ನಿಲ್ಲುವ ಸದ್ದು. ಫ್ಯಾನು ಆರಿಸಿ ಹೋಗುವುದು ಸರ್ ಅಭ್ಯಾಸ. ಯಾರು ಆರಿಸಿದರು ಅಂತ ನಾನು ಮಕ್ಕಳನ್ನು ಕೇಳಿಲ್ಲ. ಕೇಳುವ ಧೈರ್ಯ ನನಗಿಲ್ಲ.

ನನಗೆ ಹೆದರಿಕೆಯಾಗಿದೆ, ನಿಜ. ಅದಕ್ಕಿಂತ ಹೆಚ್ಚಾಗಿ ಹೊಟ್ಟೆ ಉರಿಯುತ್ತಿದೆ. ಇವರಿಗೆಲ್ಲ ಉತ್ತರ ಸಿಕ್ಕಿದೆ. ನನ್ನಿಂದ ತಿದ್ದಿಸಿಕೊಂಡು ಹೋದವರು ನನಗೆ ಏನೂ ಹೇಳಿಲ್ಲ.

ಸಾವಿನ ಮನೆಯಿಂದ ಹೊರಡುವಾಗ ಹೋಗಿ ಬರ್ತೀನಿ ಅನ್ನಬಾರದು, ಸುಮ್ಮನೆ ಎದ್ದು ಹೋಗಬೇಕು. ನಮಗೆಲ್ಲ ಗೊತ್ತು. ಇವತ್ತು ನನ್ನಿಂದ ಅದು ಆಗುವುದಿಲ್ಲ. ಚನ್ನಬಸಮ್ಮನವರನ್ನು ಕೇಳಿದೆ. “ಅನ್ನು ಕಣವ್ವ, ಅವ್ರು ಯಾರ ಮ್ಯಾಲೂ ಮುನಿಸ್ಕಂಡೋರಲ್ಲ” ಅಂದರು.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಎರಡು ನಿಮಿಷ ಮೌನ. ಅದು ಮುಗಿದ ಮೇಲೆ ಆ ಬಾಗಿಲಲ್ಲಿ ನಿಂತು ನಾನು ಒಂದೇ ಸಲ, ತಪ್ಪಾಗಿಯೇ, ಇತ್ತೆ ಕಿಮಸ್ ಅನ್ನುತ್ತೇನೆ. ಆಮೇಲೂ ಎರಡು ಸೆಕೆಂಡು ಯಾರೂ ಕೆಮ್ಮಬೇಡಿ, ಕುರ್ಚಿ ಸರಿಸಬೇಡಿ.

ನಾನು ಕೇಳಿಸಿಕೊಳ್ಳಬೇಕು.