ಕೇಳುವುದಕ್ಕೂ ತೆರೆಯುವುದಕ್ಕೂ ನಡುವೆ

ಈ ಸಂತಾಪ ಸಭೆಯ ವೇದಿಕೆಯ ಮೇಲಿರುವ ನಮ್ಮ ಆಸ್ಪತ್ರೆಯ ಮೇಲಧಿಕಾರಿಗಳಿಗೆ, ಮುಂದಿನ ಸಾಲಿನಲ್ಲಿರುವ, ತೀರಿಕೊಂಡವರ ಹೆಂಡತಿಗೆ — ನೀನು ನನಗೆ ತಂಗಿಯಂತೆ, ತಲೆ ಎತ್ತಿ ಕೂತುಕೋ — ಅವರ ಮಗಳಿಗೆ, ನಿಮ್ಮೆಲ್ಲರಿಗೂ ನಮಸ್ಕಾರ. ಬಾಗಿಲ ಬಳಿ ನಿಂತವರು ಒಳಗೆ ಬನ್ನಿ. ಕುರ್ಚಿಗಳು ಖಾಲಿ ಇವೆ.

ನಾನು ಓದಿದ್ದು ಹೈಸ್ಕೂಲು. ಆದರೆ ಇಲ್ಲಿನ ದಾಖಲೆ ಕೋಣೆಯನ್ನು ಇಪ್ಪತ್ತೊಂಬತ್ತು ವರ್ಷದಿಂದ ನೋಡಿಕೊಂಡು ಬಂದವಳು. ನನ್ನ ಕಣ್ಣು ತಪ್ಪಿಸಿ ಒಂದು ಹಾಳೆ ಆಚೆ ಹೋಗಿಲ್ಲ ಎಂದು ಹೇಳಿಕೊಳ್ಳುತ್ತಿದ್ದೆ — ಕಳೆದ ವರ್ಷದವರೆಗೆ.

ತೀರಿಕೊಂಡವರು ನಮ್ಮ ಕಂಪ್ಯೂಟರ್ ವಿಭಾಗದವರು. ನಾವೆಲ್ಲ ಅವರನ್ನು 'ಅಪ್ಪಣೆ' ಎಂದು ಆಡಿಕೊಳ್ಳುತ್ತಿದ್ದೆವು. "ಅಮ್ಮಾ, ಕೂತ್ಕೋಬಹುದಾ?" ಎಂದು ದಿನಾ ಕೇಳುತ್ತಿದ್ದರು. "ಕುರ್ಚಿ ಇರೋದು ಮತ್ಯಾಕಪ್ಪ, ನೋಡೋಕಾ?" ಎನ್ನುತ್ತಿದ್ದೆ.

ರೋಗಿಗಳ ಕಡತ ತಿದ್ದಲು ಅವರು ಬರೆದ ಪ್ರೋಗ್ರಾಮೂ ಹಾಗೆಯೇ. "ಅಮ್ಮಾ, ಅದರ ಕೈಯಲ್ಲಿ ಎಲ್ಲಾ ಕಡತದ ಬೀಗದಕೈ ಇದೆ. ಅದಕ್ಕೇ ತೆರೆಯೋ ಮೊದಲು ಆಪರೇಟಿಂಗ್ ಸಿಸ್ಟಂನ ಕೇಳುತ್ತೆ — ನನ್ನ ವಿಷಯ ಬಿಡು, ನನ್ನೆದುರು ಕೂತಿರೋರಿಗೆ ಇದನ್ನ ತಿದ್ದೋ ಹಕ್ಕಿದೆಯಾ ಅಂತ."

"ಇಲ್ಲ ಅಂದ್ರೆ?"

"ಎದ್ದು ಹೋಗು ಅನ್ನುತ್ತೆ."

ಕಳೆದ ವರ್ಷ ಒಬ್ಬ ರೋಗಿ ಸತ್ತರು. ಸತ್ತ ಮಾರನೆಯ ದಿನ ಅವರ ಕಡತದಲ್ಲಿ ಔಷಧಿಯ ಪ್ರಮಾಣ ಬದಲಾಗಿತ್ತು. ತಿದ್ದಿದ್ದು ಯಾರೆಂದು ನೋಡಿದರೆ — ಪ್ರೋಗ್ರಾಮಿನ ಹೆಸರು. ಪ್ರೋಗ್ರಾಂ ಯಾರದು? ಇವರದು. ಅಷ್ಟೇ ಸಾಕಾಯಿತು. ಆರೋಪಪತ್ರ ಅವರ ಕೈಗೆ ಬಂತು.

ನಾನೂ ಅನುಮಾನಪಟ್ಟೆ. ಮುಚ್ಚಿಡುವುದಿಲ್ಲ. ಅವರು ಬಂದರೆ ಕೀಬೋರ್ಡಿನ ಮೇಲೆ ಸೆರಗು ಎಳೆಯುತ್ತಿದ್ದೆ. ಒಂದು ಸಂಜೆ ಎಲ್ಲರೆದುರು ಅವರ ಚೀಲವನ್ನು ನನ್ನ ಮೇಜಿನ ಮೇಲೆ ಸುರಿದೆ. ಊಟದ ಡಬ್ಬಿ, ಕನ್ನಡಕದ ಪೆಟ್ಟಿಗೆ, ಮಗಳ ಮುರಿದ ಕೈವಾರ. ಅವರು ಕೇಳಿದ್ದು ಇಷ್ಟೇ — "ಅಮ್ಮಾ, ಎತ್ತಿಟ್ಕೊಳ್ಳಲಾ?"

ಹೋದ ತಿಂಗಳು ಎರಡು ರಿಜಿಸ್ಟರ್ ಹಿಡಿದು ಬಂದರು. ಒಂದನ್ನು ಮೇಜಿನ ಮೇಲಿಟ್ಟು, "ಇದರಲ್ಲಿ ಬರೀಬಹುದಾ?" ಎಂದರು. "ಬರಿ" ಎಂದು ಪೆನ್ನು ತೆಗೆಯಲು ಹೀಗೆ ತಿರುಗಿದೆ. ಮತ್ತೆ ನೋಡುತ್ತೇನೆ — ಮೇಜಿನ ಮೇಲೆ ಬೇರೆ ರಿಜಿಸ್ಟರು.

"ನೋಡಿದ್ರಾ? ಕೇಳಿದ್ದು ಒಂದಕ್ಕೆ, ತೆರೆದಿದ್ದು ಇನ್ನೊಂದನ್ನ. ಆ ಚೂರು ಸಮಯದಲ್ಲಿ ಯಾರೋ ತಮಗೆ ಹಕ್ಕಿದ್ದ ಕಡತ ತೆಗೆದು ಆ ರೋಗಿಯ ಕಡತ ಇಟ್ಟಿದ್ದಾರೆ. ತಪ್ಪು ನಂದೇ ಅಮ್ಮಾ. ಮೊದಲು ಕೇಳಿ ಆಮೇಲೆ ತೆರೆಯೋದಲ್ಲ. ಪ್ರೋಗ್ರಾಂ ತನ್ನ ಬೀಗದಕೈ ಕೆಳಗಿಟ್ಟು, ಎದುರಿನವರ ಹಕ್ಕಿನಲ್ಲೇ ನೇರ ತೆರೆಯೋಕೆ ಹೋಗ್ಬೇಕಿತ್ತು. ಹಕ್ಕಿಲ್ಲದಿದ್ರೆ ತೆರೆಯೋದೇ ಇಲ್ಲ."

"ತಪ್ಪು ನಿಂದು, ಸರಿ. ಕಳ್ಳತನ ಯಾರದು?"

"ಆ ಮೆಷಿನ್‌ಗೆ ಲಾಗಿನ್ ಇರೋರದು. ಹೆಸರು ನಾನು ಹೇಳಲ್ಲ. ಗೊತ್ತಿಲ್ಲದೆ ಹೇಳಿದ್ರೆ ಏನಾಗುತ್ತೆ ಅಂತ ನಂಗೊತ್ತು."

ನಾನು ತಲೆ ತಗ್ಗಿಸಿದೆ. ನಾನು ತಲೆ ತಗ್ಗಿಸುವವಳಲ್ಲ.

ಇದನ್ನೆಲ್ಲ ನಾಲ್ಕು ಪುಟ ಬರೆದು ಮೇಲಧಿಕಾರಿಗಳ ಕೈಗೆ ಕೊಟ್ಟರು. ಒಂಬತ್ತನೆಯ ದಿನ ಅವರ ಎದೆಬಡಿತ ನಿಂತಿತು. ಆ ಪುಟಗಳು ಇನ್ನೂ ನಿಮ್ಮ ಡ್ರಾಯರಿನಲ್ಲಿವೆ — ಗಡಿಯಾರ ಆಮೇಲೆ ನೋಡಿ ಸಾಹೇಬರೇ. ಆರೋಪಪತ್ರದಲ್ಲಿ ಇಂದಿಗೂ ಈ ಮಗುವಿನ ತಂದೆಯ ಹೆಸರಿದೆ. ನಾಳೆಯೇ ಅದನ್ನು ಹಿಂತೆಗೆದುಕೊಳ್ಳಿ. ಹೂವಿನ ಹಾರಕ್ಕಿಂತ ಆ ಒಂದು ಕಾಗದ ಈ ಮನೆಗೆ ಬೇಕು.

ಇನ್ನೊಂದು ಮಾತು. ಆ ಯಂತ್ರಕ್ಕೆ ಲಾಗಿನ್ ಇದ್ದವರು ಏಳು ಜನ. ಒಬ್ಬರು ಹೋದರು. ಒಬ್ಬಳು ನಾನು. ಉಳಿದ ಐವರೂ ಇಲ್ಲಿಯೇ ಕೂತಿದ್ದೀರಿ. ಬರುವಾಗಲೇ ಎಣಿಸಿದ್ದೇನೆ.

ಈಗ ಎಲ್ಲರೂ ಎದ್ದು ನಿಲ್ಲಿ. ಎರಡು ನಿಮಿಷ ಮಾತು ಬೇಡ. ನೀವು ಕಣ್ಣು ಮುಚ್ಚಿಕೊಳ್ಳಿ — ನಾನು ತೆರೆದುಕೊಂಡೇ ಇರುತ್ತೇನೆ.